ಮರಳು, ಉಪ್ಪು, ನವಸಾಗರ, ಕಬ್ಬಿಣ: ಒಂದೇ ಮಿಶ್ರಣದಿಂದ ನಾಲ್ಕನ್ನೂ ಬೇರ್ಪಡಿಸುವುದು

ಬೇರ್ಪಡಿಸುವ ವಿಧಾನಗಳೆಲ್ಲ ಬಾಯಿಪಾಠವಾಗಿದ್ದರೂ ಪ್ರಯೋಗ ಕೆಡುವುದುಂಟು. ಹೆಚ್ಚಿನ ಸಲ ತಪ್ಪಿರುವುದು ಕ್ರಮ. ಯಾವುದನ್ನು ಮೊದಲು ತೆಗೆಯಬೇಕು, ಯಾಕೆ ಎಂಬುದು ಗೊತ್ತಾದರೆ ಉಳಿದದ್ದು ಕೈಕೆಲಸ.

ಮೊದಲು ಮಿಶ್ರಣದ ಬಗೆ ನೋಡಿ. ಉಪ್ಪುನೀರಿನಂತೆ ಎಲ್ಲೆಡೆ ಒಂದೇ ಆಗಿದ್ದರೆ ಸಮಜಾತೀಯ. ಮರಳು ಬೆರೆತ ಉಪ್ಪಿನಂತೆ ಘಟಕಗಳು ಬೇರೆಬೇರೆಯಾಗಿಯೇ ಉಳಿದಿದ್ದರೆ ವಿಷಮಜಾತೀಯ. ದ್ರವವಾದರೆ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ. ದ್ರಾವಣದ ಕಣಗಳು 1 ನ್ಯಾನೊಮೀಟರಿಗಿಂತ ಚಿಕ್ಕವು, ಬೆಳಕಿನ ಜಾಡು ಕಾಣುವುದಿಲ್ಲ. ಹಾಲಿನ ಹನಿ ಬೆರೆಸಿದ ನೀರು ಕಲಿಲ. ಅದರಲ್ಲಿ ಜಾಡು ಕಾಣುತ್ತದೆ, ಆದರೆ ಕಣಗಳು ತಳಕ್ಕೆ ಇಳಿಯುವುದಿಲ್ಲ, ಸೋಸು ಕಾಗದವನ್ನೂ ದಾಟಿಹೋಗುತ್ತವೆ. ಸೀಮೆಸುಣ್ಣದ ಪುಡಿ ಕಲಕಿದ ನೀರಿನಲ್ಲಿ ಕಣಗಳು ದೊಡ್ಡವು, ಸುಮ್ಮನೆ ಬಿಟ್ಟರೆ ಗಸಿಯಾಗಿ ಕೂರುತ್ತವೆ. ಸೋಸುವುದು ಉಪಯೋಗಕ್ಕೆ ಬರುವುದು ಇಂಥದ್ದಕ್ಕೆ ಮಾತ್ರ.

ಇನ್ನು ನಮ್ಮ ಮಿಶ್ರಣ. ಕಬ್ಬಿಣದ ಪುಡಿ 2 ಗ್ರಾಂ, ಮರಳು 5 ಗ್ರಾಂ, ಅಡುಗೆ ಉಪ್ಪು 3 ಗ್ರಾಂ, ಅಮೋನಿಯಂ ಕ್ಲೋರೈಡ್ 2 ಗ್ರಾಂ, ಒಟ್ಟು 12 ಗ್ರಾಂ. ಕೊನೆಯದು ಕಲಾಯಿ ಹಾಕುವವರು ಬಳಸುವ ನವಸಾಗರವೇ. ಮರಳನ್ನು ತೊಳೆದು ಪೂರ್ತಿ ಒಣಗಿಸಿರಿ. ಹೊಳೆಯ ಮರಳಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳು ಇರಬಹುದು. ಮೊದಲೇ ಅಯಸ್ಕಾಂತ ಆಡಿಸಿ ತೆಗೆಯದಿದ್ದರೆ ಕಬ್ಬಿಣದ ತೂಕ ಹೆಚ್ಚು ಬರುತ್ತದೆ. ಕಡಲ ಮರಳು ಬೇಡ, ಅದರಲ್ಲಿ ಉಪ್ಪೂ ಚಿಪ್ಪಿನ ಚೂರೂ ಇರುತ್ತವೆ.

ಮೊದಲು ಹೊರಗೆ ಬರಬೇಕಾದದ್ದು ಕಬ್ಬಿಣ. ನೀರು ತಾಗಿದರೆ ತುಕ್ಕು ಹಿಡಿಯುತ್ತದೆ, ನವಸಾಗರದ ಜೊತೆ ಕಾಯಿಸಿದರೆ ಅದರ ಹೊಗೆ ಕಬ್ಬಿಣವನ್ನು ತಿನ್ನುತ್ತದೆ. ಮಿಶ್ರಣವನ್ನು ಕಾಗದದ ಮೇಲೆ ತೆಳ್ಳಗೆ ಹರಡಿ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲಿನಿಂದ ನಿಧಾನಕ್ಕೆ ಆಡಿಸಿ. ಬೇರೆ ಬಟ್ಟಲಿನ ಮೇಲೆ ಹಿಡಿದು ಅಯಸ್ಕಾಂತವನ್ನು ಹಾಳೆಯಿಂದ ಎಳೆದುಕೊಂಡರೆ ಪುಡಿ ತಾನಾಗಿ ಉದುರುತ್ತದೆ. ಹಾಳೆ ಇಲ್ಲದೆ ಮುಟ್ಟಿಸಿದರೆ ಪುಡಿ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಉಳಿದದ್ದನ್ನು ಕೆದಕಿ, ಇನ್ನೆರಡು ಸಲ ಇದನ್ನೇ ಮಾಡಿ.

ಎರಡನೆಯದು ನವಸಾಗರ, ಅದೂ ನೀರು ಹಾಕುವ ಮೊದಲು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಂಡರೆ ನವಸಾಗರವನ್ನು 37 ಗ್ರಾಂ ಕರಗಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ನೀರಿಗಿಳಿದರೆ ಸೋಸಿ ಬೇರ್ಪಡಿಸಲಾಗದು. ಶಾಖಕ್ಕೆ ಮಾತ್ರ ಅವುಗಳ ವರ್ತನೆ ಬೇರೆ. ನವಸಾಗರ ಸುಮಾರು 340 ಡಿಗ್ರಿಯಲ್ಲಿ ಹೊಗೆಯಾಗುತ್ತದೆ, ಉಪ್ಪು ಕರಗಲು 801 ಡಿಗ್ರಿ ಬೇಕು. ಘನವು ದ್ರವವಾಗದೆ ನೇರವಾಗಿ ಹೀಗೆ ಹೊಗೆಯಾಗುವುದನ್ನು ಉತ್ಪತನ ಎನ್ನುತ್ತೇವೆ. ನಿಜವಾಗಿ ನವಸಾಗರ ಕಾದಾಗ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆದು, ತಂಪಾದ ಗಾಜಿನ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ.

ಮಿಶ್ರಣವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ. ಗಾಜಿನ ಆಲಿಕೆಯನ್ನು ಅದರ ಮೇಲೆ ಬೋರಲು ಹಾಕಿ, ಕೊಳವೆಯ ತುದಿಗೆ ಹತ್ತಿಯನ್ನು ಸಡಿಲವಾಗಿ ತುರುಕಿ. ಬಿಗಿಯಾಗಿ ಮುಚ್ಚಿದರೆ ಒತ್ತಡಕ್ಕೆ ಆಲಿಕೆ ಎದ್ದು ಹೊಗೆ ಪಕ್ಕದಿಂದ ಹೊರಬರುತ್ತದೆ. ಕಿಟಕಿ ತೆರೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ತಂತಿಜಾಲರಿಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ. ಒಳಗೋಡೆಗೆ ಬಿಳಿ ಪುಡಿ ಹತ್ತುತ್ತದೆ. ಉರಿ ಜೋರಾದರೆ ಆಲಿಕೆಯೇ ಕಾದು, ಪುಡಿ ಅಲ್ಲಿ ನಿಲ್ಲದೆ ಹತ್ತಿಯ ಮೂಲಕ ಹೊರಟುಹೋಗುತ್ತದೆ. ಹಾಗಾಗದಂತೆ ಆಲಿಕೆಯ ಹೊರಗೆ ಚೆನ್ನಾಗಿ ಹಿಂಡಿದ ಒದ್ದೆಬಟ್ಟೆ ಸುತ್ತಬಹುದು, ಆದರೆ ಒಂದು ಹನಿಯೂ ಬಿಸಿ ಬಟ್ಟಲಿಗೆ ಬೀಳಬಾರದು. ಹೊಗೆ ನಿಂತ ಮೇಲೆ ಪೂರ್ತಿ ಆರಿಸಿ, ಆಮೇಲೆ ಆಲಿಕೆ ಎತ್ತಿ ಪುಡಿಯನ್ನು ಕೆರೆದುಕೊಳ್ಳಿ. ಎಲ್ಲ ಹೋಯಿತೇ ಎಂದು ತಿಳಿಯಲು ಬಟ್ಟಲನ್ನು ಇನ್ನೊಮ್ಮೆ ಕಾಯಿಸಿ ಮೇಲೆ ತಣ್ಣನೆಯ ಗಾಜು ಹಿಡಿಯಿರಿ. ಗಾಜು ಬೆಳ್ಳಗಾಗದಿದ್ದರೆ ಆಯಿತು.

ಆರಿದ ಉಳಿಕೆಗೆ 20 ಮಿಲಿ ನೀರು ಹಾಕಿ ಕಲಕಿ. 3 ಗ್ರಾಂ ಉಪ್ಪಿಗೆ 9 ಮಿಲಿಯೇ ಸಾಕು, ಆದರೆ ಮರಳಿನ ಸಂದಿಯಲ್ಲಿ ಸಿಕ್ಕಿಕೊಂಡ ಉಪ್ಪು ಹೊರಬರಲು ಹೆಚ್ಚು ನೀರಿರಲಿ. ಕಾಗದವನ್ನು ಶಂಕುವಾಗಿ ಮಡಚಿ, ಆಲಿಕೆಯಲ್ಲಿಟ್ಟು, ನೀರಿನಿಂದ ಒದ್ದೆ ಮಾಡಿ ಗೋಡೆಗೆ ಅಂಟಿಸಿ. ಮೇಲಿನ ನೀರನ್ನು ಗಾಜಿನ ಕಡ್ಡಿಯ ಗುಂಟ ಮೊದಲು ಸುರಿದು, ಮರಳನ್ನು ಕೊನೆಗೆ ಬಿಡಿ. ನೀರು ಕಾಗದದ ಅಂಚಿನಿಂದ 1 ಸೆಂ.ಮೀ. ಕೆಳಗೇ ಇರಲಿ. ಮರಳನ್ನು 5 ಮಿಲಿ ನೀರಿನಿಂದ ಎರಡು ಸಲ ತೊಳೆದು, ಕೊನೆಯ ಹನಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ಬೆರೆಸಿ. ಬಿಳಿಯಾಗಿ ಕದಡಿದರೆ ಇನ್ನೂ ಉಪ್ಪಿದೆ.

ಸೋಸಿದ ನೀರನ್ನು ತಣಿಸಿ ಉಪ್ಪು ಪಡೆಯಲಾಗದು. 100 ಡಿಗ್ರಿಯಲ್ಲೂ 100 ಮಿಲಿ ನೀರಿನಲ್ಲಿ ಕರಗುವ ಉಪ್ಪು 39 ಗ್ರಾಂ ಮಾತ್ರ. ಪೆಟ್ಲುಪ್ಪಾದರೆ (ಪೊಟ್ಯಾಸಿಯಂ ನೈಟ್ರೇಟ್) ಬೇರೆ ಮಾತು, ಅದು 20 ಡಿಗ್ರಿಯಲ್ಲಿ 32 ಗ್ರಾಂ, 100 ಡಿಗ್ರಿಯಲ್ಲಿ ಸುಮಾರು 246 ಗ್ರಾಂ ಕರಗುವುದರಿಂದ ತಣಿದಾಗ ಹರಳುಗಟ್ಟುತ್ತದೆ. ಉಪ್ಪಿಗೆ ನೀರು ಆರಬೇಕು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಬಿಸಿಲು ಮಾಡುವುದೂ ಇದೇ ಕೆಲಸ. ಕಡಲ ನೀರು ಆರುತ್ತ ಹೋದಂತೆ ಜಿಪ್ಸಂ ಮೊದಲು, ಉಪ್ಪು ಆಮೇಲೆ ಬೇರ್ಪಡುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯ ಕಹಿ ನೀರಿನಲ್ಲೇ ಉಳಿಯುತ್ತವೆ. ಆ ನೀರನ್ನು ಸರಿಯಾಗಿ ಬಸಿಯದ ಉಪ್ಪೇ ಮಳೆಗಾಲದಲ್ಲಿ ಹೆಚ್ಚು ಒಸರುವುದು.

ಬಟ್ಟಲಿನಲ್ಲಿ ನೀರು ಕಾಲುಭಾಗಕ್ಕೆ ಇಳಿದಾಗ ನೇರ ಉರಿ ಬಿಟ್ಟು, ಕುದಿಯುವ ನೀರಿನ ಬೀಕರ್ ಮೇಲಿಟ್ಟು ಆರಿಸಿ. ಕೊನೆಯವರೆಗೂ ಉರಿಯ ಮೇಲೇ ಇದ್ದರೆ ಉಪ್ಪು ಚಟಪಟ ಸಿಡಿದು ಬಟ್ಟಲಿನಿಂದ ಆಚೆ ಬೀಳುತ್ತದೆ.

ನಾಲ್ಕನ್ನೂ ತೂಗಿ. ಮೊತ್ತ 12 ಗ್ರಾಂ ದಾಟಿದರೆ ಮರಳೋ ಉಪ್ಪೋ ಇನ್ನೂ ಹಸಿ, ಮತ್ತೆ ಒಣಗಿಸಿ. ನವಸಾಗರ ಕಡಿಮೆ ಬಂದರೆ ಉರಿ ಜೋರಾಗಿತ್ತು. ಉಪ್ಪು ಹಳದಿಯಾಗಿ ಕಂಡರೆ ಮೊದಲ ಹಂತದಲ್ಲಿ ಕಬ್ಬಿಣ ಉಳಿದಿತ್ತೆಂದು ತಿಳಿಯಿರಿ.