ಮಳೆಗಾಲಕ್ಕೆ ಮುಂಚೆ ಕಾರಿನ ಅಡಿ: ತುಕ್ಕು ತಡೆಯಲು ಮನೆಯಂಗಳದಲ್ಲಿ ನಾನು ಮಾಡಿದ ಕ್ರಮ

ಕಾರಿನ ಅಡಿಗೆ ಒಂದು ಕೋಟು ಕಪ್ಪು ಹೊಡೆಸಿದರೆ ತುಕ್ಕಿನ ಚಿಂತೆ ಮುಗಿಯಿತು ಎಂದು ನಮ್ಮ ಕರಾವಳಿಯಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಕಾರನ್ನು ತಿಂದುಹಾಕುವ ತುಕ್ಕು ಹೆಚ್ಚಾಗಿ ಹುಟ್ಟುವುದು ಕಣ್ಣಿಗೆ ಕಾಣದ ಕಡೆ: ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಪೊಳ್ಳಿನಲ್ಲಿ, ಮಡ್‌ಗಾರ್ಡ್ ಲೈನಿಂಗಿನ ಹಿಂದೆ ಕೂತ ಕೆಸರಿನಲ್ಲಿ, ಎರಡು ತಗಡು ಒಂದರ ಮೇಲೊಂದು ಕೂರುವ ಜೋಡಣೆಯಲ್ಲಿ. ಇಲ್ಲಿ ತುಕ್ಕಿಗೆ ಮೂಲ ಕಡಲಿನ ಉಪ್ಪು, ಅದಕ್ಕೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಹೊರಮೈಗೆ ಅಂಟಿದ ಉಪ್ಪನ್ನು ಜೋರು ಮಳೆ ತೊಳೆದುಬಿಡುತ್ತದೆ, ಪೊಳ್ಳಿನೊಳಗೆ ಸೇರಿದ್ದು ಅಲ್ಲೇ ಉಳಿದು ಬೇಸಿಗೆಯಲ್ಲೂ ತಗಡನ್ನು ಒದ್ದೆಯಾಗಿಡುತ್ತದೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಂಥ ರಸ್ತೆಯಲ್ಲಿ ದಿನಾ ಓಡುವ ಕಾರಿಗೂ, ಮೀನು ಲಾರಿಯಿಂದ ಸುರಿದ ಐಸಿನ ನೀರನ್ನು ಹಾಯ್ದು ಬರುವ ಕಾರಿಗೂ ಇದು ತಪ್ಪಿದ್ದಲ್ಲ. ಹಾಗಾಗಿ ಇಲ್ಲಿ ಬಳಿಯುವ ಕೆಲಸ ಕೊನೆಯದು. ಮೊದಲು ಉಪ್ಪು ತೆಗೆಯಬೇಕು, ಒಳಗೆ ಹೋದ ನೀರಿಗೆ ಹೊರಬರುವ ದಾರಿ ಬಿಡಿಸಬೇಕು.

ನಾನು ಕೆಲಸ ಮಾಡಿದ್ದು 12 ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕಿನ ಮೇಲೆ. ಅದಕ್ಕೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಬೇಕಾದ ಸಾಮಾನು: ತುಕ್ಕು ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಬದಲಿಸುವ ದ್ರಾವಣ) ಅರ್ಧ ಲೀಟರ್, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ 1 ಲೀಟರ್, ಚಾಸಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ 1 ಲೀಟರ್, ಚಕ್ರದ ಕಮಾನುಗಳಿಗೆ ರಬ್ಬರಿನಂಥ ಸ್ಟೋನ್‌ಗಾರ್ಡ್ ಕೋಟಿಂಗ್ 2 ಲೀಟರ್, ಜೋಡಣೆ ಮುಚ್ಚಲು ಪಿಯು (ಪಾಲಿಯುರೆಥೇನ್) ಸೀಲೆಂಟಿನ ಒಂದು ಕಾರ್ಟ್ರಿಜ್, ಪೊಳ್ಳಿನೊಳಗೆ ಸಿಂಪಡಿಸುವ, ಉದ್ದ ನಳಿಗೆ ಇರುವ ಕ್ಯಾವಿಟಿ ವ್ಯಾಕ್ಸಿನ 500 ಮಿಲಿ ಕ್ಯಾನು ನಾಲ್ಕು, ಅಡಿಗೆ ಹಚ್ಚುವ ಮೃದು ವ್ಯಾಕ್ಸ್ ಅಥವಾ ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) 1 ಲೀಟರ್, ಎಪಾಕ್ಸಿಗೆ ಹೊಂದುವ ಥಿನ್ನರ್ 2 ಲೀಟರ್. ಮಡ್‌ಗಾರ್ಡ್ ಲೈನಿಂಗಿನ ಪ್ಲಾಸ್ಟಿಕ್ ಕ್ಲಿಪ್ಪು 20 ಮೊದಲೇ ತಂದಿಡಿ. ಹಳೆಯವು ತೆಗೆಯುವಾಗಲೇ ಮುರಿಯುತ್ತವೆ.

ಕಾಲ ಫೆಬ್ರವರಿ ಇಲ್ಲವೇ ಮಾರ್ಚ್. ತುಳುನಾಡಿನಲ್ಲಿ ಮಳೆಗಾಲದ ಗಡಿ ಎನಿಸಿದ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24-25ರ ಆಸುಪಾಸಿಗೆ, ಎಲ್ಲಾ ಮುಗಿದು ಪೂರ್ತಿ ಗಟ್ಟಿಯಾಗಿರಬೇಕು. ಕೈಕೆಲಸ ಮೂರು ದಿನದ್ದು. ಒಣಗಲು ಬಿಡುವುದೂ ಸೇರಿ ಸುಮಾರು ಎರಡು ವಾರ ಕಾರು ಹೊರಗೆ ಹೋಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

ಕಾರನ್ನು ಎತ್ತುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಲೇಬಾರದು. ಮುರಕಲ್ಲು, ಸಿಮೆಂಟ್ ಬ್ಲಾಕು ಕೊಟ್ಟು ಮಲಗುವವರನ್ನು ಊರಲ್ಲಿ ಕಾಣುತ್ತೇವೆ. ಅವು ಬಿರುಕು ಬಿಡುವ ಸೂಚನೆಯನ್ನೂ ಕೊಡದೆ ಒಡೆದು ಪುಡಿಯಾಗುತ್ತವೆ. 3 ಟನ್ನಿನ ಜ್ಯಾಕ್ ಸ್ಟ್ಯಾಂಡ್ ಒಂದು ಜೊತೆ ತನ್ನಿ, ಒಂದು ಸಲಕ್ಕೆ ಒಂದು ತುದಿಯನ್ನಷ್ಟೇ ಎತ್ತಿ. ಹಿಂದಿನ ತುದಿ ಎತ್ತಿದಾಗ ಹ್ಯಾಂಡ್‌ಬ್ರೇಕ್ ಉಪಯೋಗಕ್ಕಿಲ್ಲ, ಏಕೆಂದರೆ ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರವನ್ನೇ. ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಬೆಣೆ ಕೊಟ್ಟು ಗೇರಿನಲ್ಲಿ ಬಿಡಬೇಕು. ಕಳಚಿದ ಚಕ್ರಗಳನ್ನು ರನ್ನಿಂಗ್ ಬೋರ್ಡಿನ ಕೆಳಗೆ ಅಡ್ಡ ಮಲಗಿಸಿಡಿ. ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಬಣ್ಣದ ಕೆಲಸ ಬೇಡ. ಥಿನ್ನರಿನ ಆವಿ ಗಾಳಿಗಿಂತ ಭಾರ, ಅದು ಗುಂಡಿಯ ತಳದಲ್ಲೇ ನಿಲ್ಲುತ್ತದೆ.

ತೊಳೆಯಲು ಒಂದಿಡೀ ದಿನ ಕೊಟ್ಟೆ. ಲೈನಿಂಗ್ ಬಿಚ್ಚಿದಾಗ ಮುಂದಿನ ಫೆಂಡರ್ ರನ್ನಿಂಗ್ ಬೋರ್ಡಿಗೆ ಸೇರುವ ಮೂಲೆಯಲ್ಲಿ ಹಿಡಿಯಷ್ಟು ಕೆಸರು ಸಿಕ್ಕಿತು. ಮಾರ್ಚ್ ತಿಂಗಳಲ್ಲೂ ಅದು ಹಸಿ. ಅದರ ಹಿಂದಿನ ತಗಡಿನಲ್ಲೇ ತುಕ್ಕು ಎಲ್ಲಕ್ಕಿಂತ ಆಳವಾಗಿತ್ತು. ಪ್ರೆಷರ್ ವಾಷರ್ ಹಿಡಿಯುವಾಗ ಡ್ರೈವ್ ಶಾಫ್ಟಿನ ರಬ್ಬರ್ ಬೂಟು, ಬೇರಿಂಗ್ ಸೀಲು, ವೈರಿಂಗ್ ಕನೆಕ್ಟರ್ ಇವುಗಳ ಮೇಲೆ ನೇರ ಧಾರೆ ಬಿಡಬಾರದು. ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಿನಲ್ಲಿ ಮತ್ತೆ ತೊಳೆಯಬೇಕು. ಕೊನೆಗೆ ಸುರಿಯುವ ನೀರು ಸಿಹಿನೀರೇ ಆಗಿರಬೇಕು. ಕಡಲಿಗೆ ಹತ್ತಿರದ ಬಾವಿ, ಬೋರುಗಳ ನೀರು ಬೇಸಿಗೆಯಲ್ಲಿ ಚಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ಅದರಲ್ಲಿ ತೊಳೆದರೆ ತೆಗೆಯಬೇಕಾದ ಉಪ್ಪನ್ನು ನಾವೇ ಹಚ್ಚಿದಂತೆ. ತೊಳೆದ ಮೇಲೆ ಎರಡು ದಿನ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟೆ.

ಈ ನಡುವೆ ಮಾಡಬೇಕಾದ ದೊಡ್ಡ ಕೆಲಸ ನೀರಿನ ತೂತುಗಳದ್ದು. ರನ್ನಿಂಗ್ ಬೋರ್ಡಿನ ಕೆಳ ಅಂಚಿನಲ್ಲಿ, ಪ್ರತಿ ಬಾಗಿಲಿನ ತಳದಲ್ಲಿ, ಡಿಕ್ಕಿ ಬಾಗಿಲಿನ ಕೆಳಗೆ ಬೆರಳಿನ ಉಗುರಿನಷ್ಟು ಸೀಳುಗಳಿರುತ್ತವೆ. ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ಬಾಗುತ್ತದೆ, ಬಣ್ಣ ಗೀರುವುದಿಲ್ಲ. ಕಡ್ಡಿ ತೂರಿಸಿ ಆಡಿಸಿದಾಗ ಮೊದಲು ಕೆಂಪು ಪುಡಿ ಉದುರಿತು, ಆಮೇಲೆ ಕಂದು ಬಣ್ಣದ ನೀರು ದಾರವಾಗಿ ಇಳಿಯಿತು. ಹಿಂದೆ ಅಂಗಡಿಯಲ್ಲಿ ಹೊಡೆದ ಡಾಂಬರಿನ ಕೋಟಿಂಗ್ ಅಲ್ಲಿ ಎರಡು ಸೀಳುಗಳನ್ನು ಪೂರ್ತಿ ಮುಚ್ಚಿಬಿಟ್ಟಿತ್ತು.

ಕಾರಿನೊಳಗಿನ ಕಾರ್ಪೆಟ್ ಎತ್ತಿ ನೋಡುವುದನ್ನೂ ಬಿಡಬೇಡಿ. ಏಸಿಯ ನೀರಿನ ಕೊಳವೆ ಕಟ್ಟಿದರೆ ಆ ನೀರು ಮುಂದಿನ ಸೀಟಿನ ಕಾಲ್ಬುಡಕ್ಕೆ ಇಳಿಯುತ್ತದೆ. ಫ್ಲೋರಿನ ತಗಡು ಮೇಲಿನಿಂದ ಕೊಳೆಯುತ್ತಾ ಬಂದರೆ ಅಡಿಯಿಂದ ಎಷ್ಟು ಬಳಿದರೂ ಪ್ರಯೋಜನವಿಲ್ಲ.

ಒಣಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯನ್ನೆಲ್ಲಾ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಟೊಳ್ಳಾದದ್ದು ಮಂದವಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ, ಒಳಗೆ ಹೋದರೆ ಅಲ್ಲಿಗೆ ಬಣ್ಣದ ಕೆಲಸ ನಿಲ್ಲಿಸಿ ಟಿಂಕರಿಂಗ್‌ನವರನ್ನು ಕರೆಯಬೇಕು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೇ ಸರಿಯಾದ ದಾರಿ. ಜ್ಯಾಕ್ ಕೊಡುವ ಜಾಗ, ಸಸ್ಪೆನ್ಶನ್ ಕೂರುವ ಜಾಗ, ಸೀಟ್‌ಬೆಲ್ಟ್ ಬೋಲ್ಟಿನ ಜಾಗ ಇಲ್ಲೆಲ್ಲಾ ಫೈಬರ್ ಬಟ್ಟೆ, ಪುಟ್ಟಿ ಮೆತ್ತುವುದು ಜೀವಕ್ಕೆ ಅಪಾಯ. ವೆಲ್ಡಿಂಗ್ ಏನಿದ್ದರೂ ವ್ಯಾಕ್ಸ್ ಹಾಕುವುದಕ್ಕೆ ಮುಂಚೆ, ಬ್ಯಾಟರಿ ಬಿಚ್ಚಿ ಮಾಡಿಸಬೇಕು. ವ್ಯಾಕ್ಸ್ ತುಂಬಿದ ಪೊಳ್ಳು ಕಿಡಿಗೆ ಹೊತ್ತಿಕೊಳ್ಳುತ್ತದೆ.

ತುಕ್ಕು ಉಜ್ಜಲು 4 ಇಂಚಿನ ಗ್ರೈಂಡರಿಗೆ ವೈರ್ ಕಪ್ ಬ್ರಷ್. ಅದರ ತಂತಿ ಮುರಿದು ಸೂಜಿಯಂತೆ ಹಾರುತ್ತದೆ, ಆದ್ದರಿಂದ ಸುತ್ತಲೂ ಮುಚ್ಚುವ ಕನ್ನಡಕ, ದಪ್ಪ ಬಟ್ಟೆ, ಮಾಸ್ಕ್ ಬೇಕೇ ಬೇಕು. ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪಿನ ಹತ್ತಿರ ಗ್ರೈಂಡರ್ ಮುಟ್ಟಿಸಲೇಬೇಡಿ, ಅಲ್ಲಿ ಕೈಬ್ರಷ್ಷೇ ಸಾಕು. ಬ್ರೇಕಿನ ಉಕ್ಕಿನ ಪೈಪುಗಳನ್ನು ಬಟ್ಟೆಯಿಂದ ಒರೆಸಿ ನೋಡಿ. ಗುಳಿ ಬಿದ್ದಿದ್ದರೆ ಬಳಿಯುವ ಮಾತೇ ಇಲ್ಲ, ಪೈಪನ್ನೇ ಬದಲಿಸಬೇಕು. ಹಕ್ಕಳೆ ಪೂರ್ತಿ ಬಿದ್ದುಹೋಗಿ, ಉಗುರಿಗೆ ಏಳದ ಬಿಗಿ ತುಕ್ಕು ಮಾತ್ರ ಉಳಿಯುವ ತನಕ ಉಜ್ಜಿ, ಅಂಚುಗಳನ್ನು 80 ನಂಬರಿನ ಎಮರಿಯಿಂದ ಇಳಿಜಾರಾಗಿಸಿದೆ. ಹಳೇ ಡಾಂಬರನ್ನು ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ ಸ್ಕ್ರೇಪರಿನಿಂದ ತೆಗೆದೆ. ಎಲ್ಲಿ ಅದು ಬಿಗಿಯಾಗಿ ಹಿಡಿದಿತ್ತೋ ಅಲ್ಲಿ ತೆಗೆಯಲಿಲ್ಲ. ಏಳುತ್ತಿದ್ದಲ್ಲೆಲ್ಲಾ ಕೆಳಗೆ ತುಕ್ಕು ಹಬ್ಬಿತ್ತು.

ಇಲ್ಲಿ ಒಂದು ರಾತ್ರಿ ಕಾಯುವುದು ತುಂಬಾ ಮುಖ್ಯ. ಸಂಜೆ ಉಜ್ಜಿ ಬೆಳ್ಳಗೆ ಮಾಡಿದ ತಗಡನ್ನು ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿ. ಹಿಂಬದಿ ಕ್ರಾಸ್ ಮೆಂಬರಿನ (ಅಡಿಯ ಅಡ್ಡ ತೊಲೆಯ) ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಎದ್ದಿದ್ದವು, ಸುತ್ತಲಿನ ತಗಡು ಒಣಗಿದ್ದರೂ ಪ್ರತಿ ಚುಕ್ಕೆಯ ಮೇಲೆ ಮಾತ್ರ ತೇವ. ಗುಳಿಯ ತಳದಲ್ಲಿ ಉಪ್ಪು ಉಳಿದಿದೆ ಎಂದು ಇದರರ್ಥ. ಇದರ ಮೇಲೆ ಯಾವ ದುಬಾರಿ ಪ್ರೈಮರ್ ಬಳಿದರೂ ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಬಿಸಿ ಸಿಹಿನೀರು ಸುರಿದು ಹಿತ್ತಾಳೆ ತಂತಿಯ ಸಣ್ಣ ಬ್ರಷ್ಷಿನಿಂದ ತಿಕ್ಕಿ, ಹೀಟ್ ಗನ್ನಿನಲ್ಲಿ ಒಣಗಿಸಿ ಮತ್ತೆ ಒಂದು ರಾತ್ರಿ ಬಿಟ್ಟೆ. ಚುಕ್ಕೆ ಏಳದಂತಾಗಲು ಮೂರು ಸಲ ತೊಳೆಯಬೇಕಾಯಿತು.

ಕನ್ವರ್ಟರ್ ಎರಡು ಬಗೆಯದು, ಡಬ್ಬಿಯ ಮೇಲಿನದನ್ನು ಓದಿಯೇ ಕೈ ಹಾಕಿ. ಬರೀ ಫಾಸ್ಫಾರಿಕ್ ಆಸಿಡ್ಡಿನದಾದರೆ ಕೆಲಸ ಮುಗಿದ ಮೇಲೆ ನೀರಿನಿಂದ ತೊಳೆದು ಒಣಗಿಸಬೇಕು. ಆಸಿಡ್ಡಿನ ಅಂಶ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ, ಹಾಳೆಯಂತೆ ಏಳುತ್ತದೆ. ಟ್ಯಾನಿಕ್ ಆಸಿಡ್ ಮತ್ತು ಪಾಲಿಮರ್ ಸೇರಿದ ಬಗೆಯನ್ನು ತೊಳೆಯುವ ಹಾಗಿಲ್ಲ, ಅದೇ ಒಂದು ಪದರವಾಗಿ ನಿಲ್ಲುತ್ತದೆ. ನಾನು ಬಳಸಿದ್ದು ಎರಡನೆಯದು. ಬೇಕಾದಷ್ಟನ್ನೇ ಬಟ್ಟಲಿಗೆ ಬಗ್ಗಿಸಿಕೊಳ್ಳಿ, ತುಕ್ಕು ಮುಟ್ಟಿದ ಬ್ರಷ್ಷನ್ನು ಡಬ್ಬಿಗೆ ಅದ್ದಿದರೆ ಉಳಿದದ್ದೆಲ್ಲಾ ಕೆಡುತ್ತದೆ. ತೆಳ್ಳಗೆ ಎರಡು ಕೈ ಬಳಿದು, ತುಕ್ಕು ನೀಲಿಗಪ್ಪಾದ ಮೇಲೆ 24 ಗಂಟೆ ಬಿಡಿ. ಹೊಳೆಯುವ ಬರೀ ಲೋಹಕ್ಕೆ ಇದು ಬೇಡ.

ಆಮೇಲೆ ಎಪಾಕ್ಸಿ ಪ್ರೈಮರ್. ಸಾದಾ ರೆಡ್ ಆಕ್ಸೈಡ್ ಅಗ್ಗ ನಿಜ, ಆದರೆ ಅದು ನೀರನ್ನು ಒಳಕ್ಕೆ ಬಿಡುತ್ತದೆ, ಕಡಲತೀರದ ಕಾರಿನ ಅಡಿಗೆ ಸಾಲದು. ಜಿಂಕ್ ಪ್ರೈಮರ್ ಒಳ್ಳೆಯದೇ, ಬರೀ ಬಿಳಿ ಲೋಹದ ಮೇಲೆ ಮಾತ್ರ. ತುಕ್ಕು ಉಳಿದ ತಗಡಿನಲ್ಲಿ ಅದರ ಗುಣ ಕೆಲಸ ಮಾಡುವುದಿಲ್ಲ. ಎಪಾಕ್ಸಿಯನ್ನು ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲೇ ಅಳೆದು ಬೆರೆಸಬೇಕು, ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಪದರ ಸರಿಯಾಗಿ ಕೂಡುವುದಿಲ್ಲ. ಸೆಕೆಯಲ್ಲಿ ಬೆರೆಸಿದ್ದು ಬೇಗ ಮಂದವಾಗುತ್ತದೆ, ಸಲಕ್ಕೆ 200 ಮಿಲಿ ಸಾಕು. ಹೊತ್ತು ಬೆಳಿಗ್ಗೆ 10:30ರಿಂದ ಸಂಜೆ 4ರ ಒಳಗೆ. ಮುಂಜಾನೆ ತಗಡು ಗಾಳಿಗಿಂತ ತಣ್ಣಗಿದ್ದು ಕಣ್ಣಿಗೆ ಕಾಣದಷ್ಟು ಇಬ್ಬನಿ ಕಟ್ಟಿರುತ್ತದೆ. ಒಂದೂವರೆ ಇಂಚಿನ ಬ್ರಷ್ಷಿನಲ್ಲಿ ಎರಡು ಕೈ ಬಳಿದೆ. ಅಡಿಭಾಗಕ್ಕೆ ಸ್ಪ್ರೇಗಿಂತ ಬ್ರಷ್ಷೇ ಮೇಲು, ಗುಳಿಗೆ ಒತ್ತಿ ತುಂಬಬಹುದು. ಕಂಪನಿಯ ಸೀಲೆಂಟ್ ಬಿರುಕು ಬಿಟ್ಟ ಜೋಡಣೆಗಳಿಗೆ ಪ್ರೈಮರಿನ ಮೇಲೆ ಪಿಯು ಸೀಲೆಂಟ್ ಎಳೆದು ಬೆರಳಿನಿಂದ ತೀಡಿದೆ. ರನ್ನಿಂಗ್ ಬೋರ್ಡಿನ ಕೆಳ ಅಂಚಿಗೆ ಮಾತ್ರ ಸೀಲೆಂಟ್ ಹಚ್ಚಲಿಲ್ಲ, ನೀರು ಇಳಿಯುವುದು ಅಲ್ಲಿಂದಲೇ.

ಬಣ್ಣಕ್ಕೆ ಮುಂಚೆ ಸೈಲೆನ್ಸರ್ ಪೈಪು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಬ್ರೇಕ್ ಡಿಸ್ಕು-ಡ್ರಮ್ಮು, ಎಬಿಎಸ್ ಸೆನ್ಸರ್, ರಬ್ಬರ್ ಬುಷ್ಷು-ಬೂಟು, ಎಂಜಿನ್ ಆಯಿಲಿನ ಡ್ರೈನ್ ಬೋಲ್ಟ್ ಇವೆಲ್ಲವನ್ನೂ ಪ್ಲಾಸ್ಟಿಕ್ ಮತ್ತು ಮಾಸ್ಕಿಂಗ್ ಟೇಪಿನಿಂದ ಮುಚ್ಚಿದೆ. ಕ್ಯಾಟಲಿಟಿಕ್ ಕನ್ವರ್ಟರಿಗೆ ಕೋಟಿಂಗ್ ತಾಗಿದರೆ ಬಿಸಿಗೆ ಹೊಗೆಯಾಡುತ್ತದೆ, ಬೆಂಕಿಯೂ ಹತ್ತಬಹುದು. ತೂತುಗಳಿಗೆ ಹಿಡಿಸೂಡಿ ಕಡ್ಡಿ ಸಿಕ್ಕಿಸಿಟ್ಟು ಬಳಿದ ಮೇಲೆ ಎಳೆದುಬಿಡಿ.

ಫ್ಲೋರಿಗೆ ಚಾಸಿ ಬ್ಲ್ಯಾಕ್ ಎರಡು ಕೈ. ಕಲ್ಲು ಸಿಡಿಯುವ ನಾಲ್ಕು ಚಕ್ರದ ಕಮಾನುಗಳಿಗೆ ಸ್ಟೋನ್‌ಗಾರ್ಡ್, ತೆಳ್ಳಗೆ ಮೂರು ಸಲ, ನಡುವೆ ಅರ್ಧ ಗಂಟೆ ಬಿಟ್ಟು. ಒಂದೇ ಸಲ ದಪ್ಪಗೆ ಹೊಡೆದರೆ ಮೇಲೆ ಚರ್ಮ ಕಟ್ಟಿ ಒಳಗೆ ಥಿನ್ನರ್ ಉಳಿಯುತ್ತದೆ, ಆಮೇಲೆ ಜೋತುಬೀಳುತ್ತದೆ. ಡಾಂಬರಿನ ಕೋಟಿಂಗ್ ನಾನು ಬಳಸಲಿಲ್ಲ. ಅದು ವರ್ಷ ಕಳೆದಂತೆ ಗಡುಸಾಗಿ ಅಂಚಿನಲ್ಲಿ ಬಿರಿಯುತ್ತದೆ, ನೀರು ಹಿಂದೆ ನುಗ್ಗಿ ಅಲ್ಲೇ ನಿಲ್ಲುತ್ತದೆ, ಮೇಲಿನಿಂದ ನೋಡಿದರೆ ಕಪ್ಪು ಚೆನ್ನಾಗಿಯೇ ಕಾಣುತ್ತದೆ. ಹಳೇ ಎಂಜಿನ್ ಆಯಿಲ್ ಹೊಡೆಸುವ ರೂಢಿಯೂ ಬೇಡ. ಅದರಲ್ಲಿ ಎಂಜಿನ್ನಿನ ಆಮ್ಲ, ಮಸಿ ಇರುತ್ತದೆ, ಬುಷ್ಷು ಉಬ್ಬುತ್ತದೆ, ತೊಟ್ಟಿಕ್ಕಿದ್ದು ಅಂಗಳದಿಂದ ಬಾವಿಗೆ ಸೇರುತ್ತದೆ.

ಕ್ಯಾವಿಟಿ ವ್ಯಾಕ್ಸಿಗೆ ಮೊದಲು ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ, ಮಂಜು ಸಣ್ಣಗೆ ಬರುತ್ತದೆ. ರನ್ನಿಂಗ್ ಬೋರ್ಡಿನ ರಬ್ಬರ್ ಬಿರಡೆ ತೆಗೆದು ನಳಿಗೆಯನ್ನು ಪೂರ್ತಿ ಒಳಕ್ಕೆ ತಳ್ಳಿ, ಒತ್ತಿಹಿಡಿದು ನಿಧಾನ ಹೊರಕ್ಕೆ ಎಳೆಯಬೇಕು. ಕೆಳಗಿನ ಸೀಳಿನಿಂದ ವ್ಯಾಕ್ಸ್ ಹನಿಯುವ ತನಕ ಹಾಕಿದೆ. ಎರಡು ರನ್ನಿಂಗ್ ಬೋರ್ಡಿಗೆ ಎರಡು ಕ್ಯಾನು, ಬಾಗಿಲು ಮತ್ತು ಡಿಕ್ಕಿಗೆ ಒಂದು, ಕ್ರಾಸ್ ಮೆಂಬರ್ ಹಾಗೂ ಹಿಂಬದಿಯ ಉದ್ದ ತೊಲೆಗಳಿಗೆ ಒಂದು. ಬಾಗಿಲಿಗೆ ಹಾಕುವಾಗ ಗಾಜು ಪೂರ್ತಿ ಮೇಲಿರಲಿ. ಸೀಟ್‌ಬೆಲ್ಟಿನ ಸುರುಳಿ ಇರುವ ನಡುಗಂಬಕ್ಕೆ ಹಾಕಬೇಡಿ. ಜೀಪಿನಂಥ, ಬೇರೆ ಚಾಸಿಯ ಗಾಡಿಯಾದರೆ ಚಾಸಿಯ ಪೊಳ್ಳಿಗೇ ಮೂರು ನಾಲ್ಕು ಕ್ಯಾನು ಹೆಚ್ಚು ಬೇಕಾಗುತ್ತದೆ. ಮರುದಿನ ಪ್ರತಿ ತೂತಿಗೂ ಮತ್ತೆ ಕಡ್ಡಿ ಹಾಕಿ ನೋಡಿ.

ಕೊನೆಯದು ಫ್ಲೋರ್, ಬೋಲ್ಟುಗಳು, ಬ್ರೇಕ್ ಪೈಪುಗಳ ಮೇಲೆ ಮೃದು ವ್ಯಾಕ್ಸಿನ ತೆಳು ಪದರ. ಇದು ಗಟ್ಟಿಯಾಗುವುದಿಲ್ಲ, ಗೀರಿದರೂ ತಾನೇ ಕೂಡುತ್ತದೆ, ಅರೆಪಾರದರ್ಶಕವಾದ್ದರಿಂದ ಕೆಳಗೆ ತುಕ್ಕು ಎದ್ದರೆ ಕಾಣುತ್ತದೆ. ಚಕ್ರ ಜೋಡಿಸಿ 50 ಕಿಲೋಮೀಟರ್ ಓಡಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿಮಾಡಿ.

ಈ ಪದರ ಪ್ರತಿ ವರ್ಷ ಸ್ವಲ್ಪ ತೊಳೆದುಹೋಗುತ್ತದೆ, ಮೊದಲು ಹೋಗುವುದು ಹಿಂದಿನ ಚಕ್ರದ ಮುಂಭಾಗದಲ್ಲಿ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಸಿಹಿನೀರಿನಲ್ಲಿ ಅಡಿ ತೊಳೆದು, ನಾಲ್ಕು ದಿನ ಒಣಗಿಸಿ, ಹೋದಲ್ಲಿ ಕಾಲು ಲೀಟರಿನಷ್ಟು ವ್ಯಾಕ್ಸ್ ಹಚ್ಚುತ್ತೇನೆ. ಸೀಳುಗಳಿಗೆ ಕಡ್ಡಿ ಹಾಕುವುದು ಮಾತ್ರ ಮಳೆಗಾಲದ ನಡುವೆಯೂ ತಿಂಗಳಿಗೊಮ್ಮೆ.