ಗ್ರಾಫಿಕ್ಸ್ ಕಾರ್ಡ್ ಇಲ್ದೆ, ಮನೆ ಇನ್ವರ್ಟರ್ ಮೇಲೆ ಓಡೋ ಗೇಮಿಂಗ್ ಪಿಸಿ: ನನ್ನ ಅನುಭವ

"ಗ್ರಾಫಿಕ್ಸ್ ಕಾರ್ಡೇ ಇಲ್ದೆ ಅದೆಂಥ ಗೇಮಿಂಗ್ ಪಿಸಿನ್ಲಾ, ಸುಮ್ನೆ ದುಡ್ಡು ದಂಡ" ಅಂತ ಮೊದಲು ಅಂದಿದ್ದು ನನ್ನ ಗೆಳೆಯ, ಆಮೇಲೆ ಬಾಮೈದಾನೂ ಅದೇ ರಾಗ ಶುರು ಮಾಡ್ದ. ನಮ್ಮನೆ ಇರೋದು ಮಂಡ್ಯದಿಂದ ಸ್ವಲ್ಪ ಆಚೆ, ಕಬ್ಬಿನ ಗದ್ದೆ ಪಕ್ಕ, ಸಂಜೆ ಆಯ್ತು ಅಂದ್ರೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಎಲ್ರೂ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ) ಲೆಕ್ಕ ಹಾಕ್ತಿದ್ರೆ ನಾನು ವ್ಯಾಟ್ ಲೆಕ್ಕ ಹಾಕ್ದೆ. ಫ್ಯಾನು, ಲೈಟು, ಟಿವಿ ಜೊತೆ ಪಿಸಿನೂ ಇನ್ವರ್ಟರ್ ಮೇಲೇ ಓಡ್ಬೇಕು ಅನ್ನೋ ಹಠ.

ತಗೊಂಡಿದ್ದು ರೈಜನ್ 5 5600ಜಿ. 2021ರ ಎಎಂಡಿ ಪ್ರೊಸೆಸರ್ ಚಿಪ್ಪು, 6 ಕೋರು, 65 ವ್ಯಾಟು, ವೇಗಾ ಅನ್ನೋ ಗ್ರಾಫಿಕ್ಸ್ ಒಳಗೇ ಬರುತ್ತೆ, ಅದಕ್ಕೇ ಬೇರೆ ಕಾರ್ಡ್ ಬೇಡ. ಬೆಳಗಿನ ಟ್ರೈನ್ ಹತ್ತಿ ಬೆಂಗಳೂರು ಎಸ್‌ಪಿ ರೋಡಿಗೆ ಹೋಗಿ ಹತ್ತು ಅಂಗಡಿ ತಿರುಗಿ ತಂದೆ, ಆಗ ಹನ್ನೊಂದು ಸಾವಿರದ ಹತ್ರ ಆಗಿತ್ತು. ಉಳಿಸೋಣ ಅಂತ ಎ320 ಮದರ್‌ಬೋರ್ಡು ಸೆಕೆಂಡ್ ಹ್ಯಾಂಡ್ ಎರಡೂವರೆ ಸಾವಿರಕ್ಕೆ ತಗೊಂಡೆ ನೋಡಿ, ಅಲ್ಲೇ ಎಡವಿದ್ದು. ಡಿಸ್‌ಪ್ಲೇನೇ ಬರ್ಲಿಲ್ಲ, ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹಳೇದು, ಈ ಚಿಪ್ಪಿನ ಗುರುತೇ ಅದಕ್ಕಿಲ್ಲ. ಮೈಸೂರಲ್ಲಿ ಒಬ್ರ ಹತ್ರ ಹಳೇ ರೈಜನ್ ಹಾಕಿಸಿ ಅಪ್‌ಡೇಟ್ ಮಾಡಿಸಿದ್ದಕ್ಕೆ 300 ರೂಪಾಯಿ, ಓಡಾಟದ ಖರ್ಚು ಬೇರೆ. ಮನೆಗೆ ತಂದು ಟಿವಿಗೆ ಹಾಕಿದ್ರೆ 4ಕೆನಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ, ಯಾಕಂದ್ರೆ ಟಿವಿಗೆ ಕೇಬಲ್ ಹಾಕೋ ಆ ಬೋರ್ಡಿನ ಪೋರ್ಟು ಹಳೇ ಎಚ್‌ಡಿಎಂಐ 1.4. ಮೌಸ್ ಅಲ್ಲಾಡಿಸಿದ್ರೆ ಕರ್ಸರ್ ಕೆಸರಲ್ಲಿ ನಡೆದಂಗೆ. ಸಾವಿರ ರೂಪಾಯಿ ಲಾಸಲ್ಲಿ ಅದನ್ನ ಮಾರಿ ಬಿ550 ಬೋರ್ಡು ತಂದೆ.

ರ‍್ಯಾಮ್ ಮೊದ್ಲು 16 ಜಿಬಿದು ಒಂದೇ ಸ್ಟಿಕ್ ಹಾಕಿದ್ದೆ, ಜಿಟಿಎ 5 ಮೂವತ್ತೈದು ನಲವತ್ತು ಎಫ್‌ಪಿಎಸ್ ದಾಟ್ತಿರ್ಲಿಲ್ಲ, ಬಾಮೈದ ನೋಡಿ ನಕ್ಕ. ಒಳಗಿನ ಗ್ರಾಫಿಕ್ಸ್ ಓಡೋದು ಇದೇ ರ‍್ಯಾಮ್ ಮೇಲೆ, ಎರಡು ಸ್ಟಿಕ್ ಇದ್ರೆ ಎರಡು ದಾರಿಲಿ ಡೇಟಾ ಹೋಗುತ್ತೆ, ಅದಕ್ಕೇ ಅದನ್ನ ತೆಗೆದು 8+8 ಹಾಕ್ದೆ, ಅದೇ ಸೆಟ್ಟಿಂಗಲ್ಲಿ 65ರ ಮೇಲೆ ಹೋಯ್ತು! ಆಮೇಲೆ 3200 ಇದ್ದ ರ‍್ಯಾಮ್ ಸ್ಪೀಡನ್ನ 3600ಕ್ಕೆ ಏರಿಸಿದೀನಿ. ಟೈಮಿಂಗು, ವೋಲ್ಟೇಜು ಎಷ್ಟು ಅಂತ ಇಲ್ಲಿ ಬರಿಯಲ್ಲ, ಮೂರು ವಾರ ರಾತ್ರಿ ಕೂತು ಕಂಡುಕೊಂಡಿದ್ದದು.

ಇನ್ನು ಕರೆಂಟಿನ ಕತೆ. ಮೊದ್ಲು 600 ವಿಎ ಯುಪಿಎಸ್ ಒಂದು ತಂದೆ, ಎರಡು ಸಾವಿರದ ಎಂಟುನೂರೋ ಏನೋ. ಡೆಸ್ಕ್‌ಟಾಪಲ್ಲಿ ಸುಮ್ನೆ ಇದ್ದಾಗ ಕರೆಂಟ್ ಹೋದ್ರೆ ಏನೂ ಆಗ್ತಿರ್ಲಿಲ್ಲ, ಗೇಮ್ ಓಡ್ತಿದ್ದಾಗ ಹೋದ್ರೆ ಟಪ್ ಅಂತ ಆಫ್. ಬ್ಯಾಟರಿ ಸರಿಯಿಲ್ಲ ಅಂತ ಅಂಗಡಿಗೆ ಎರಡು ಸಲ ಅಲೆದೆ. ತಪ್ಪು ಬ್ಯಾಟರಿದಲ್ಲ, ಆ ಯುಪಿಎಸ್ ಕೊಡೋದು ಮೆಟ್ಟಿಲು ಮೆಟ್ಟಿಲು ವೇವು, ನನ್ನ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಆ್ಯಕ್ಟಿವ್ ಪಿಎಫ್‌ಸಿದು, ಅಂದ್ರೆ ಕರೆಂಟನ್ನ ಅಲೆಗೆ ಹೊಂದ್ಕೊಂಡು ಎಳೆಯೋದು, ಲೋಡ್ ಇದ್ದಾಗ ಎರಡಕ್ಕೂ ಆಗಿಬರಲ್ಲ. ಅರ್ಧ ರೇಟಿಗೆ ಮಾರಿದೆ. ಮನೆಯಲ್ಲಿದ್ದ ಇನ್ವರ್ಟರ್ ಹೆಂಗೂ ಪ್ಯೂರ್ ಸೈನ್ ವೇವ್ (ಗೋಡೆ ಕರೆಂಟಿನ ಥರ ನುಣುಪು ಅಲೆ), 150 ಎಎಚ್ ಬ್ಯಾಟರಿ, ಅದರ ಹಿಂದೆ ಬೆರಳಿನ ಉಗುರಷ್ಟು ಒಂದು ಸ್ವಿಚ್ ಇತ್ತು, ಐದು ವರ್ಷದ ಧೂಳಲ್ಲಿ ಮುಚ್ಚಿಹೋಗಿತ್ತು. ಟಾರ್ಚ್ ಬಿಟ್ಟು ಒರೆಸಿ ನೋಡಿದ್ರೆ ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ಯುಪಿಎಸ್ ಕಡೆ ತಳ್ಳಿದೆ, ಹಂಗಿದ್ರೆ ಕರೆಂಟ್ ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತೆ, ಅವತ್ತಿಂದ ಒಂದ್ಸಲವೂ ಆಫ್ ಆಗಿಲ್ಲ. ಒಂದೇ ತೊಂದ್ರೆ ಅಂದ್ರೆ ಪಂಪ್‌ಸೆಟ್ ಆನ್ ಆಗೋ ಹೊತ್ತಲ್ಲಿ ವೋಲ್ಟೇಜ್ ಬಿದ್ರೆ ಆಗಾಗ ಬ್ಯಾಟರಿಗೆ ಹೋಗುತ್ತೆ, ಡಿಸ್ಟಿಲ್ಡ್ ವಾಟರ್ ಬೇಗ ಹಾಕ್ಬೇಕು.

ಮೀಟರ್ ಹಾಕಿ ನೋಡಿದೀನಿ, ಗೇಮಲ್ಲಿ ಹೆಚ್ಚುಕಮ್ಮಿ 100 ವ್ಯಾಟು, ಸಿನಿಮಾ ನೋಡುವಾಗ ನಲವತ್ತರೊಳಗೆ. 4ಕೆ ಎಚ್‌ಇವಿಸಿ ಫೈಲು (ಎಚ್‌ಇವಿಸಿ ಅಂದ್ರೆ ವಿಡಿಯೋನ ಕುಗ್ಗಿಸಿಡೋ ಒಂದು ಬಗೆ) ಬೆಣ್ಣೆ ಥರ ಓಡುತ್ತೆ. ಎವಿ1 ಅನ್ನೋ ಹೊಸ ಬಗೆ ಆದ್ರೆ ಮಾತ್ರ ಈ ಚಿಪ್ಪಲ್ಲಿ ಅದನ್ನ ಬಿಡಿಸೋ ಹಾರ್ಡ್‌ವೇರ್ ಡಿಕೋಡ್ ಇಲ್ಲ, ಫ್ಯಾನ್ ಜೋರಾಗುತ್ತೆ.

ಅಂದಹಾಗೆ ಪಕ್ಕದಲ್ಲೇ ಆಲೆಮನೆ. ಕಬ್ಬು ಅರೆಯೋ ಸೀಸನ್ನಲ್ಲಿ ಕರಿ ಬೂದಿ ಹಾರ್ಕೊಂಡು ಬಂದು ಕ್ಯಾಬಿನೆಟ್ ಒಳಗೆ ಕೂರುತ್ತೆ. ಅಮ್ಮನ ಹಳೇ ಸೊಳ್ಳೆ ಪರದೆ ಎರಡು ಪದರ ಮಾಡಿ ಮುಂದಿನ ಫ್ಯಾನಿಗೆ ಮ್ಯಾಗ್ನೆಟ್ಟಲ್ಲಿ ಅಂಟಿಸಿದೆ, ಟೆಂಪರೇಚರ್ ಎರಡು ಡಿಗ್ರಿ ಜಾಸ್ತಿ ಆಯ್ತು ಆದ್ರೆ ಒಳಗೆ ಕ್ಲೀನ್. ನಾಲ್ಕು ಪದರ ಹಾಕಿ ನೋಡಿದೆ, ಉಸಿರೇ ಕಟ್ಟಿತು, ತೆಗೆದೆ.

ಒಟ್ಟು ಲಾಸೆಲ್ಲಾ ಸೇರಿ ಮೂವತ್ತೆರಡು ಸಾವಿರ ಆಗಿರ್ಬೇಕು. ಯುಗಾದಿಗೆ ಬಾಮೈದ ಬಂದಿದ್ದ, ಆಡ್ತಾ ಇರುವಾಗ ಎಂಟೂವರೆಗೆ ಕರೆಂಟ್ ಹೋಯ್ತು, ಬೀದಿಯೆಲ್ಲಾ ಕತ್ತಲೆ, ಗೇಮ್ ಒಂದು ಫ್ರೇಮೂ ತಪ್ಪಲಿಲ್ಲ. ಕಂಟ್ರೋಲರ್ ಕೆಳಗಿಟ್ಟು "ಭಾವ, ನಂಗೂ ಒಂದು ಇಂಥದ್ದೇ ಮಾಡ್ಕೊಡಿ" ಅಂದ. ಅವನಿಗೆ ಬೋರ್ಡ್ ಒಂದು ನೋಡಿಟ್ಟಿದೀನಿ, ಈ ಸಲ ದುಡ್ಡು ಕೊಡೋಕೆ ಮುಂಚೆ ಎಚ್‌ಡಿಎಂಐ ಯಾವ್ದು ಅಂತ ಕೇಳೇ ತಗೋತೀನಿ.