ನೋವಿಲ್ಲದ ಗಂಟು

ಎಂಟು ವರ್ಷದ ಹಿಂದಿನ ಮಾತು. ಮಲೆನಾಡಿನ ಸಣ್ಣ ಊರೊಂದರಲ್ಲಿ ಆಗಷ್ಟೇ ಫಿಜಿಷಿಯನ್ ಆಗಿ ಕೆಲಸಕ್ಕೆ ಸೇರಿದ್ದೆ. ಅಡಿಕೆ ಸುಲಿಯುವ ಕಾಲ. ತಾಯಿಯೊಬ್ಬರು ಇಪ್ಪತ್ತೆರಡು ವರ್ಷದ ಮಗನನ್ನು ಕರಕೊಂಡು ಬಂದರು. ಅವನ ಕುತ್ತಿಗೆಯ ಎಡಗಡೆ ನೆಲ್ಲಿಕಾಯಿ ಗಾತ್ರದ ಗಂಟು. "ನೋವೇನಿಲ್ಲ ಡಾಕ್ಟ್ರೇ, ಅದಕ್ಕೇ ಇಷ್ಟು ದಿನ ಸುಮ್ನಿದ್ವಿ" ಅಂದರು. ಆಗಾಗ ಸಂಜೆ ಜ್ವರ, ಊಟ ಸೇರುತ್ತಿಲ್ಲ. ಗಂಟಿಗೆ ಸೂಜಿ ಚುಚ್ಚಿ ತೆಗೆದ ಮಾದರಿ ಕಳಿಸಿದೆ. 'ಗ್ರಾನ್ಯುಲೋಮಾ ಕಾಣುತ್ತಿದೆ, ಕ್ಷಯ ಇರಬಹುದು' ಎಂದು ವರದಿ ಬಂತು. ಗ್ರಾನ್ಯುಲೋಮಾ ಅಂದರೆ ರೋಗದ ಜೊತೆ ಹೋರಾಡುವ ಕೋಶಗಳು ಒತ್ತಾಗಿ ಸೇರಿದ ಸಣ್ಣ ಗುಂಪು. ನಮ್ಮಲ್ಲಿ ಕುತ್ತಿಗೆಯ ಗಂಟೆಂದರೆ ಮೊದಲು ನೆನಪಾಗುವುದೇ ಟಿಬಿ. ಹಿಂದಿನವರು ಗಂಡಮಾಲೆ ಅನ್ನುತ್ತಿದ್ದುದೂ ಬಹುಪಾಲು ಅದನ್ನೇ. 'ಇರಬಹುದು' ಅನ್ನುವ ಪದವನ್ನು ನಾನು 'ಇದೆ' ಎಂದು ಓದಿಕೊಂಡೆ. ಆರು ತಿಂಗಳ ಟಿಬಿ ಮಾತ್ರೆ ಶುರುವಾಯಿತು.

ಎರಡು ತಿಂಗಳಿಗೆ ಹುಡುಗ ಮತ್ತೆ ಬಂದ. ಗಂಟು ನಿಂಬೆಹಣ್ಣಿನಷ್ಟಾಗಿತ್ತು, ಕಂಕುಳಲ್ಲೂ ಎರಡು ಎದ್ದಿದ್ದವು. ಒತ್ತಿದರೆ ರಬ್ಬರಿನ ಹಾಗೆ. ತೂಕ 56 ಕಿಲೋದಿಂದ 49ಕ್ಕೆ ಇಳಿದಿತ್ತು. ಎದುರಿಗೆ ಕೂತವನು ಒಂದೇ ಸಮನೆ ಮೊಣಕಾಲಿನ ಕೆಳಗೆ ಕೆರೆದುಕೊಳ್ಳುತ್ತಿದ್ದ. ಪಂಚೆ ಎತ್ತಿ ನೋಡಿದರೆ ಉದ್ದುದ್ದ ಗೀರುಗಳು, ದದ್ದು ಮಾತ್ರ ಒಂದೂ ಇಲ್ಲ. ಕಜ್ಜಿ ಎಂದು ಬೇರೆ ಕಡೆ ಮುಲಾಮು ಕೊಟ್ಟಿದ್ದರಂತೆ. ರಾತ್ರಿ ಬೆವರುತ್ತೀಯಾ ಎಂದು ಕೇಳಿದೆ. ಅವನಿಗಿಂತ ಮೊದಲು ತಾಯಿಯೇ ಹೇಳಿದರು: "ಎರಡೆರಡು ಸಲ ಅಂಗಿ ಬದಲಾಯಿಸ್ತಾನೆ, ಹಾಸಿಗೆನೂ ಒದ್ದೆ." ಈ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ಹಾಸಿಗೆ ನೆನೆಯುವಷ್ಟು ಬೆವರು, ಆರು ತಿಂಗಳೊಳಗೆ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ತೂಕ ಇಳಿಯುವುದು – ಇವು ಮೂರನ್ನು ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ 'ಬಿ ಲಕ್ಷಣ'ಗಳು ಎಂದೇ ಕರೆಯುತ್ತೇವೆ. ಇವು ಟಿಬಿಯಲ್ಲೂ ಇರುತ್ತವೆ, ಮೋಸ ಹೋಗುವುದು ಅಲ್ಲೇ. ದದ್ದಿಲ್ಲದ ತುರಿಕೆಯೇ ಆ ದಿನ ನನ್ನನ್ನು ಎಚ್ಚರಿಸಿದ್ದು.

ಲಿಂಫೋಮಾ ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಏಳುವುದನ್ನು ತೋಟದ ಕೆಲಸ ಮಾಡುವ ಎಲ್ಲರೂ ಬಲ್ಲರು. ಅದು ದುಗ್ಧಗ್ರಂಥಿ. ಒಳಗಿನ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಸೋಂಕಿನ ಜೊತೆ ಹೋರಾಡಲು ಹೆಚ್ಚಿದಾಗ ಊದಿಕೊಳ್ಳುತ್ತದೆ, ನೋಯುತ್ತದೆ, ಗಾಯ ವಾಸಿಯಾದ ಮೇಲೆ ಕುಗ್ಗುತ್ತದೆ. ಆ ಲಿಂಫೋಸೈಟುಗಳಲ್ಲೇ ಒಂದು ಕೆಟ್ಟು, ಕಾರಣವಿಲ್ಲದೆ ಹೆಚ್ಚುತ್ತಲೇ ಹೋದರೆ ಲಿಂಫೋಮಾ.

ಹಾಗಿದ್ದರೆ ಸೂಜಿಗೆ ಯಾಕೆ ಸಿಗಲಿಲ್ಲ? ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಲಿಂಫೋಮಾದ ಒಂದು ಬಗೆಯನ್ನು ವಿವರಿಸಿದ, ಅದಕ್ಕೆ ಅವನ ಹೆಸರೇ ನಿಂತಿತು. ಇದರ ಗುರುತಾದ ದೊಡ್ಡ ಕೋಶವನ್ನು 1898ರಲ್ಲಿ ಸ್ಟರ್ನ್‌ಬರ್ಗ್, 1902ರಲ್ಲಿ ಡೊರೊತಿ ರೀಡ್ ವರ್ಣಿಸಿದರು. ಎರಡು ಕೇಂದ್ರಗಳಿರುವ ಆ ಕೋಶ ಗೂಬೆಯ ಕಣ್ಣಿನ ಹಾಗೆ ದಿಟ್ಟಿಸುತ್ತದೆ. ಆದರೆ ಇಡೀ ಗಂಟಿನಲ್ಲಿ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮಾತ್ರ. ಉಳಿದವೆಲ್ಲ ಅವುಗಳ ಸುತ್ತ ನೆರೆದ ಸಾಧಾರಣ ಕೋಶಗಳು. ಅವೇ ಕೆಲವೊಮ್ಮೆ ಗುಂಪುಗೂಡಿ ಗ್ರಾನ್ಯುಲೋಮಾ ಕಟ್ಟಿಕೊಂಡು ಟಿಬಿಯ ವೇಷ ಹಾಕುತ್ತವೆ. ಅಕ್ಕಿ ಮೂಟೆಗೆ ಒಂದು ಕಡೆ ಚುಚ್ಚಿ ಹಿಡಿ ಅಕ್ಕಿ ತೆಗೆದು, ಕಲ್ಲಿಲ್ಲ ಅಂದರೆ ಆದೀತೇ?

ನಮ್ಮ ಸರ್ಜನ್ ಇಡೀ ಗಂಟನ್ನೇ ತೆಗೆದುಕೊಟ್ಟರು. ಆ ದಿನ ನಾನೂ ಥಿಯೇಟರಿನಲ್ಲಿ ನಿಂತಿದ್ದೆ. ಬ್ಲೇಡಿನಿಂದ ಎರಡು ಹೋಳು ಮಾಡಿದಾಗ ಒಳಗೆಲ್ಲ ನಯವಾಗಿ, ಬೆಳ್ಳಗೆ, ಆಗಷ್ಟೇ ಕೊಯ್ದ ಮೀನಿನ ಮಾಂಸದ ಹಾಗಿತ್ತು. ಟಿಬಿ ಗಂಟಾದರೆ ಎಷ್ಟೋ ಸಲ ಪುಡಿಪುಡಿ ಗಿಣ್ಣಿನ ಹಾಗಿರುತ್ತದೆ. ಕಣ್ಣನ್ನಷ್ಟೇ ನಂಬಲಿಲ್ಲ. ಒಂದು ಹೋಳು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ, ಇನ್ನೊಂದು ಸಲೈನ್‌ಗೆ ಹಾಕಿಸಿದೆ. ಪೂರ್ತಿ ಗಂಟನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ರೋಗಾಣು ಸತ್ತು, ಅದನ್ನು ಬೆಳೆಸಿ ನೋಡುವ ಟಿಬಿ ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ. ಸಿಡಿ30, ಸಿಡಿ15 ಎಂಬ, ಕೋಶದ ಮೇಲಿನ ಪ್ರೋಟೀನ್ ಗುರುತುಗಳೂ ಕೂಡಿ ಬಂದವು. ಹಾಡ್ಜ್‌ಕಿನ್ ಲಿಂಫೋಮಾ.

ಇಂಥ ಹೆಸರು ಖಚಿತವಾಗದೆ ಚಿಕಿತ್ಸೆಗೆ ಇಳಿಯುವಂತಿಲ್ಲ. ಸಿಡಿ20 ಎಂಬ ಗುರುತಿರುವ ಬಿ-ಕೋಶದ (ಲಿಂಫೋಸೈಟಿನ ಒಂದು ಬಗೆ) ಲಿಂಫೋಮಾ ಆಗಿದ್ದರೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಸೇರುತ್ತಿತ್ತು, ಅದಕ್ಕೂ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕಿತ್ತು. ಊರಿನ ವೈದ್ಯಮಿತ್ರರಲ್ಲಿ ನನ್ನದೊಂದು ಕಳಕಳಿಯ ವಿನಂತಿ: ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡಬೇಡಿ. ಲಿಂಫೋಮಾ ಗಂಟು ಸ್ಟೀರಾಯ್ಡಿಗೆ ಕರಗುತ್ತದೆ, ರೋಗಿಗೆ ಗುಣವಾದಂತೆನಿಸುತ್ತದೆ, ಆಮೇಲೆ ತುಣುಕು ತೆಗೆದರೆ ಏನೂ ತಿಳಿಯದಂತಾಗಿರುತ್ತದೆ.

ತಾಯಿಗೆ ವಿಷಯ ಹೇಳಬೇಕಾಗಿತ್ತು. "ಅಮ್ಮಾ, ಇದು ಟಿಬಿ ಅಲ್ಲ. ನಾನು ಮೊದಲೇ ಗಂಟು ತೆಗೆಸಬೇಕಿತ್ತು" ಅಂದೆ. ಅವರು ಸೆರಗಿನ ತುದಿ ಸುತ್ತುತ್ತಾ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಔಷಧಿ ಇದೆಯಾ ಇದಕ್ಕೆ?" ಇದೆ, ಮುಂದುವರಿದ ಹಂತದಲ್ಲೂ ಹೆಚ್ಚಿನವರು ಗುಣವಾಗುತ್ತಾರೆ ಎಂದೆ. ಆ ಮಾತನ್ನು ಧೈರ್ಯವಾಗಿ ಹೇಳಬಹುದಾದ ಕ್ಯಾನ್ಸರ್ ಇದು.

ಬೆಂಗಳೂರಿಗೆ ಕಳಿಸಿದೆ. ಹೊಟ್ಟೆಯ ಗ್ರಂಥಿಗಳಿಗೂ ಹರಡಿತ್ತು, ಮೂರನೇ ಹಂತ. ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕಿಮೊ, ಹದಿನೈದು ದಿನಕ್ಕೊಮ್ಮೆ, ಒಟ್ಟು ಹನ್ನೆರಡು ಸಲ. ಕಿಮೊದಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದೆಂದು, ಶುರುವಾಗುವ ಮೊದಲೇ ವೀರ್ಯ ಸಂಗ್ರಹದ ಮಾತನ್ನು ನಾನೇ ಎತ್ತಿದೆ. ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ಆಮೇಲೆ ಕೊರಗುತ್ತಾರೆ. ಆ ನಾಲ್ಕರಲ್ಲಿರುವ ಕೆಂಪು ಔಷಧಿಯಿಂದ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಹೆದರಬೇಡ ಎಂದೆ. ಒಣ ಕೆಮ್ಮು, ಏದುಸಿರು ಬಂದರೆ ಮಾತ್ರ ತಕ್ಷಣ ಫೋನ್ ಮಾಡು ಎಂದೆ, ನಾಲ್ಕರಲ್ಲೊಂದಾದ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲದು. ನಾಲ್ಕು ಸಲ ಮುಗಿದ ಮೇಲೆ, ಕ್ಯಾನ್ಸರ್ ಇನ್ನೂ ಉಳಿದಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಸ್ವಚ್ಛವಾಗಿ ಬಂತು, ಅಲ್ಲಿಂದಾಚೆಗೆ ಬ್ಲಿಯೊಮೈಸಿನ್ ಕೈಬಿಟ್ಟರು. ತುರಿಕೆಯಂತೂ ಮೊದಲ ತಿಂಗಳಲ್ಲೇ ನಿಂತಿತ್ತು. ಈಗ ವರ್ಷಕ್ಕೊಮ್ಮೆ ಬಂದು ಕುತ್ತಿಗೆ ತೋರಿಸಿ ಹೋಗುತ್ತಾನೆ.

ನನ್ನ ಮೇಜಿನ ಮೇಲೆ ಈಗ ಅಳತೆಪಟ್ಟಿ ಇರುತ್ತದೆ. ಗಂಟಿನ ಗಾತ್ರವನ್ನು ತಾರೀಖಿನ ಜೊತೆ ಸೆಂಟಿಮೀಟರಿನಲ್ಲೇ ಬರೆಯುತ್ತೇನೆ. ನಾಲ್ಕು ವಾರದಲ್ಲಿ ಕುಗ್ಗದಿದ್ದರೆ ಸರ್ಜನ್‌ಗೆ ಚೀಟಿ. ಕಾಲರ್ ಮೂಳೆಯ ಮೇಲಿದ್ದರೆ ಅಷ್ಟೂ ಕಾಯುವುದಿಲ್ಲ. ಮೊನ್ನೆ ಕಾಲೇಜು ಹುಡುಗಿಯೊಬ್ಬಳ ಗಂಟು ಹೀಗೆಯೇ ತೆಗೆಸಿದೆವು. ಅವಳ ಅಪ್ಪ ಕ್ಯಾನ್ಸರೇ ಇರಬೇಕೆಂದು ಊಟ ಬಿಟ್ಟಿದ್ದರು. ಫಾರ್ಮಲಿನ್‌ನ ಹೋಳಿನಲ್ಲಿ ಲಿಂಫೋಮಾದ ಸುಳಿವಿರಲಿಲ್ಲ, ಸಲೈನ್‌ನ ಹೋಳಿನಲ್ಲಿ ಟಿಬಿ ಸಿಕ್ಕಿತು. ಮರುದಿನ ಬೆಳಿಗ್ಗೆಯೇ ಮಾತ್ರೆ ಶುರುಮಾಡಿಸಿದೆ.